ಪಂಕ್ತಿಯ ಬಲ: ಸಸ್ಯಾಹಾರಕ್ಕೆ ಒಲಿಸುವ ಕೂಟಗಳು

ಪ್ರಾಣಿಮೂಲದ ಯಾವ ಪದಾರ್ಥವನ್ನೂ ಬಳಸದೆ, ಧಾನ್ಯ, ಕಾಳು, ತರಕಾರಿ, ಹಣ್ಣು, ಎಣ್ಣೆಬೀಜಗಳಿಂದಲೇ ಊಟವನ್ನು ರೂಪಿಸಿಕೊಳ್ಳುವ ಪದ್ಧತಿಗೆ ಸಸ್ಯಮೂಲ ಆಹಾರಕ್ರಮವೆಂದು ಹೆಸರು. ಮಾಂಸ, ಮೀನು, ಮೊಟ್ಟೆಗಳ ಜೊತೆಗೆ ಹಾಲು, ಮೊಸರು, ತುಪ್ಪಗಳನ್ನೂ ಇದು ಬಿಡಿಸುತ್ತದೆ. ಆದುದರಿಂದ ತಲೆತಲಾಂತರದಿಂದ ಸಸ್ಯಾಹಾರಿಗಳಾಗಿರುವ ನಮ್ಮಂಥವರ ಮನೆಗಳಿಗೂ ಇದು ಹೊಸ ಪರೀಕ್ಷೆಯೇ. ಇಂಥ ಬದಲಾವಣೆಗೆ ಒಬ್ಬಂಟಿಯಾಗಿ ಹೊರಟವರು ನಡುದಾರಿಯಲ್ಲಿ ನಿಲ್ಲುವುದೇ ಹೆಚ್ಚು. ಆ ಕಾರಣದಿಂದಲೇ ಹಲವರನ್ನು ಒಂದುಗೂಡಿಸಿ, ಅನುಭವಿಗಳ ಮಾರ್ಗದರ್ಶನದಲ್ಲಿ ಕೆಲವು ವಾರ ಜೊತೆಯಾಗಿ ನಡೆಸುವ ಕೂಟಗಳು ಹುಟ್ಟಿಕೊಂಡವು. ಅವು ಹೇಗೆ ನಡೆಯುತ್ತವೆ, ಎಲ್ಲಿ ಎಡವುತ್ತವೆ ಎಂಬುದನ್ನು ಇಲ್ಲಿ ಪರಿಶೀಲಿಸಲಾಗಿದೆ.

ಸಂಗಡಿಗರ ಪ್ರಭಾವ ಎಷ್ಟೆಂಬುದಕ್ಕೆ ಗಾಂಧೀಜಿಯವರ ಜೀವನವೇ ಉತ್ತಮ ನಿದರ್ಶನ. ಬಾಲ್ಯದಲ್ಲಿ ಅವರಿಗೆ ಗುಟ್ಟಾಗಿ ಮಾಂಸದ ರುಚಿ ತೋರಿಸಿದವನು ಒಬ್ಬ ಗೆಳೆಯ. 1888ರಲ್ಲಿ ಲಂಡನ್ನಿಗೆ ಹೊರಡುವ ಮುನ್ನ ಅವರು ತಾಯಿಯ ಸಮಾಧಾನಕ್ಕಾಗಿ, ಜೈನ ಸಾಧು ಬೇಚರಜಿ ಸ್ವಾಮಿಗಳ ಸಮಕ್ಷಮದಲ್ಲಿ, ಮದ್ಯ, ಮಾಂಸ, ಪರಸ್ತ್ರೀಯನ್ನು ಮುಟ್ಟುವುದಿಲ್ಲವೆಂದು ವ್ರತ ತೊಟ್ಟರು. ವ್ರತವನ್ನು ಪಾಲಿಸಿದರು, ಆದರೆ ಆ ದಿನಗಳು ಅರೆಹೊಟ್ಟೆಯ ದಿನಗಳಾಗಿದ್ದವು. ಬಿಡಾರದ ಮನೆಯೊಡತಿ ಕೊಡುತ್ತಿದ್ದುದು ಉಪ್ಪುಖಾರವಿಲ್ಲದೆ ಬೇಯಿಸಿದ ತರಕಾರಿ. ಇನ್ನಷ್ಟು ಬ್ರೆಡ್ಡು ಕೇಳಲು ನಾಚಿಕೆ. ಒಬ್ಬ ಮಿತ್ರರಂತೂ ಬೆಂಥಮನ ಗ್ರಂಥವನ್ನೇ ಓದಿ ಹೇಳಿ ವ್ರತ ಬಿಡಿಸಲು ನೋಡಿದರು. ಕೊನೆಗೆ ಫ್ಯಾರಿಂಗ್ಡನ್ ರಸ್ತೆಯಲ್ಲಿ ಒಂದು ಸಸ್ಯಾಹಾರಿ ಭೋಜನಾಲಯ ಕಣ್ಣಿಗೆ ಬಿದ್ದಾಗ ಅವರಿಗಾದ ಸಂತೋಷ ಅಷ್ಟಿಷ್ಟಲ್ಲ. ಅಲ್ಲಿಯೇ ಹೆನ್ರಿ ಸಾಲ್ಟ್ ಎಂಬ ಲೇಖಕರ ಸಸ್ಯಾಹಾರ ಸಮರ್ಥನೆಯ ಪುಸ್ತಕವನ್ನು ಒಂದು ಶಿಲಿಂಗಿಗೆ ಕೊಂಡು ಓದಿದರು. ಅದುವರೆಗೆ ಕೊಟ್ಟ ಮಾತಿಗಾಗಿ ಸಸ್ಯಾಹಾರಿಯಾಗಿದ್ದವರು, ಅಂದಿನಿಂದ ಸ್ವಂತ ವಿಚಾರದಿಂದ ಸಸ್ಯಾಹಾರಿಯಾದರೆಂದು ತಮ್ಮ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾರೆ. ಹುಟ್ಟಿನಿಂದ ಬಂದ ಆಹಾರವನ್ನು ಹೆಮ್ಮೆಯಾಗಿ ಹೊತ್ತು ತಿರುಗುವ ನಾವು ಈ ವ್ಯತ್ಯಾಸವನ್ನು ಗಮನಿಸುವುದು ಒಳ್ಳೆಯದು.

ಆಮೇಲಿನದು ಕೂಟದ ಕಥೆ. ಅವರು ಲಂಡನ್ ಸಸ್ಯಾಹಾರಿ ಸಂಘವನ್ನು ಸೇರಿ ಅದರ ಕಾರ್ಯಕಾರಿ ಸಮಿತಿಯ ಸದಸ್ಯರಾದರು. ತಾವು ವಾಸವಿದ್ದ ಬೇಸ್‌ವಾಟರ್ ಬಡಾವಣೆಯಲ್ಲಿ ಒಂದು ಸಣ್ಣ ಸಸ್ಯಾಹಾರಿ ಮಂಡಳಿಯನ್ನು ಕಟ್ಟಿದರು. ಡಾ. ಜೋಸಾಯ ಓಲ್ಡ್‌ಫೀಲ್ಡ್ ಅಧ್ಯಕ್ಷರು, ಭಗವದ್ಗೀತೆಯನ್ನು ಇಂಗ್ಲಿಷಿಗೆ ತಂದ ಸರ್ ಎಡ್ವಿನ್ ಆರ್ನಾಲ್ಡ್ ಉಪಾಧ್ಯಕ್ಷರು, ಗಾಂಧೀಜಿ ಕಾರ್ಯದರ್ಶಿ. ಮಂಡಳಿ ಬಾಳಿದ್ದು ಕೆಲವೇ ತಿಂಗಳು. ಆದರೂ ಸಂಸ್ಥೆಗಳನ್ನು ಕಟ್ಟಿ ನಡೆಸುವ ಅಲ್ಪಸ್ವಲ್ಪ ತರಬೇತಿ ತಮಗೆ ದೊರೆತದ್ದು ಅಲ್ಲಿಯೇ ಎಂದು ಅವರು ನೆನೆಯುತ್ತಾರೆ.

ಇದೇ ಅವಧಿಯಲ್ಲಿ ದೊಡ್ಡ ಸಂಘದೊಳಗೆ ನಡೆದ ಒಂದು ಪ್ರಸಂಗ, ಇಂಥ ಕೂಟಗಳನ್ನು ನಡೆಸುವ ಪ್ರತಿಯೊಬ್ಬರೂ ಅರಿತಿರಬೇಕಾದದ್ದು. ಸಮಿತಿಯ ಸದಸ್ಯರಾಗಿದ್ದ ಡಾ. ಅಲಿನ್‌ಸನ್ ಸಂತಾನ ನಿಯಂತ್ರಣವನ್ನು ಬೆಂಬಲಿಸುತ್ತಿದ್ದರು. ಸಂಘದ ಅಧ್ಯಕ್ಷರೂ ಅದರ ದೊಡ್ಡ ಪೋಷಕರೂ ಆಗಿದ್ದ ಆರ್ನಾಲ್ಡ್ ಹಿಲ್ಸ್ ಅವರಿಗೆ ಇದು ನೀತಿಯ ಬುಡಕ್ಕೇ ಕೊಡಲಿಯೆನಿಸಿತು. ಅಲಿನ್‌ಸನ್ನರನ್ನು ಹೊರಹಾಕುವ ಗೊತ್ತುವಳಿ ಬಂತು. ಸಂತಾನ ನಿಯಂತ್ರಣದ ವಿಷಯದಲ್ಲಿ ಗಾಂಧೀಜಿ ಹಿಲ್ಸರ ಪಕ್ಷದವರೇ. ಆದರೂ, ಸಂಘದ ಉದ್ದೇಶ ಸಸ್ಯಾಹಾರದ ಪ್ರಸಾರವೇ ಹೊರತು ಬೇರಾವ ನೀತಿಪದ್ಧತಿಯ ರಕ್ಷಣೆಯಲ್ಲ. ಆ ಉದ್ದೇಶವನ್ನು ಒಪ್ಪಿದವನನ್ನು ಹೊರಗಿಡುವುದು ಸಲ್ಲದು ಎಂಬುದು ಅವರ ನಿಲುವಾಗಿತ್ತು. ಅದನ್ನು ಬರೆದುಕೊಂಡು ಹೋದರು. ಸಂಕೋಚದಿಂದ ಓದಲಾಗದೆ ಮತ್ತೊಬ್ಬರಿಂದ ಓದಿಸಬೇಕಾಯಿತು. ಅಲಿನ್‌ಸನ್ ಸೋತರು, ಗಾಂಧೀಜಿ ಸೋತವರ ಪಕ್ಷದಲ್ಲಿದ್ದರು. ಊಟದ ವಿಷಯಕ್ಕೆಂದು ಸೇರಿದ ಕೂಟವು ಜಾತಿ, ಮತ, ರಾಜಕೀಯ, ಮನೆಯ ನಡಾವಳಿ ಮುಂತಾದವುಗಳ ತೀರ್ಪುಗಾರಿಕೆಗೆ ಇಳಿದರೆ ಏನಾಗುವುದೆಂದು ಈ ಪ್ರಸಂಗ ತೋರಿಸುತ್ತದೆ.

ಹಾಲಿನ ವಿಷಯವೂ ಇದೇ ಜೀವನದಲ್ಲಿ ಬರುತ್ತದೆ. 1912ರಲ್ಲಿ ದಕ್ಷಿಣ ಆಫ್ರಿಕದ ಟಾಲ್‌ಸ್ಟಾಯ್ ಫಾರ್ಮಿನಲ್ಲಿ ಗಾಂಧೀಜಿ ಹಾಲು ಬಿಟ್ಟರು. ಒಬ್ಬರೇ ಅಲ್ಲ, ಗೆಳೆಯ ಕ್ಯಾಲನ್‌ಬ್ಯಾಕ್ ಜೊತೆಗೂಡಿ. ಕೆಲವು ವರ್ಷಗಳ ನಂತರ ಭಾರತದಲ್ಲಿ ತೀವ್ರ ಆಮಶಂಕೆಯಿಂದ ನೆಲ ಹಿಡಿದಾಗ, ವ್ರತ ತೊಟ್ಟದ್ದು ಆಕಳು, ಎಮ್ಮೆಯ ಹಾಲಿನ ಬಗೆಗಲ್ಲವೆ, ಮೇಕೆಯ ಹಾಲಿಗೇನಡ್ಡಿ ಎಂದು ಕಸ್ತೂರಬಾ ಕೇಳಿದರು. ಅವರು ಕುಡಿದರು, ವ್ರತದ ಅಕ್ಷರ ಉಳಿಯಿತು, ಆತ್ಮ ಉಳಿಯಲಿಲ್ಲವೆಂಬ ಕೊರಗನ್ನು ಮುಚ್ಚಿಡಲೂ ಇಲ್ಲ. ಅಂಥವರೇ ಜಾರಿದ ದಾರಿಯಲ್ಲಿ ಸಾಮಾನ್ಯರು ಜಾರುವುದು ಸಹಜ. ಜಾರಿದವರನ್ನು ಹಂಗಿಸುವುದೋ, ಕೈಹಿಡಿದೆತ್ತುವುದೋ ಎಂಬುದರ ಮೇಲೆಯೇ ಕೂಟದ ಯೋಗ್ಯತೆ ನಿಂತಿದೆ.

ಇನ್ನು ಈ ಕಾಲದ ಪ್ರಯತ್ನಗಳು. 2014ರ ಜನವರಿಯಲ್ಲಿ ಬ್ರಿಟನ್ನಿನಲ್ಲಿ ‘ವೀಗ್ಯಾನ್ಯುಯರಿ’ ಎಂಬ ಒಂದು ತಿಂಗಳ ಅಭಿಯಾನ ಆರಂಭವಾಯಿತು. ಮೊದಲ ವರ್ಷ ಹೆಸರು ಕೊಟ್ಟವರು ಸುಮಾರು 3,300 ಮಂದಿ. 2022ರಲ್ಲಿ ಈ ಸಂಖ್ಯೆ 6 ಲಕ್ಷವನ್ನು ದಾಟಿತ್ತು. ಅದೇ 2014ರಲ್ಲಿ ಇಸ್ರೇಲಿನ ಪ್ರಾಣಿದಯಾ ಕಾರ್ಯಕರ್ತರು ‘ಚಾಲೆಂಜ್ 22’ ಎಂಬ ಕಾರ್ಯಕ್ರಮವನ್ನು ರೂಪಿಸಿದರು. ಮೊದಲನೆಯದು ಮುಖ್ಯವಾಗಿ ದಿನಕ್ಕೊಂದು ಪತ್ರ, ಅಡುಗೆಯ ವಿಧಾನ, ಸಲಹೆಗಳನ್ನು ಕಳಿಸುತ್ತದೆ. ಎರಡನೆಯದು ಭಾಗಿಗಳನ್ನು ತಂಡಗಳಲ್ಲಿ ಸೇರಿಸಿ, 22 ದಿನ ಅನುಭವಿ ಮಾರ್ಗದರ್ಶಕರನ್ನೂ ಪಥ್ಯತಜ್ಞರನ್ನೂ ಉಚಿತವಾಗಿ ಜೊತೆಗಿರಿಸುತ್ತದೆ. ಇಂದು ಬೆಳಗಿನ ಚಹಾಕ್ಕೆ ಏನು ಬೆರೆಸಲಿ, ಮದುವೆಯ ಮನೆಯಲ್ಲಿ ಏನು ತಿನ್ನಲಿ ಎಂಬಂಥ ಪ್ರಶ್ನೆಗೆ ಅಂದೇ ಉತ್ತರ ಸಿಗುತ್ತದೆ. ಸಂಕಲ್ಪವನ್ನು ಮುರಿಯುವುದು ಇಂಥ ಚಿಕ್ಕ ಪ್ರಶ್ನೆಗಳೇ.

ಈ ಎಚ್ಚರಿಕೆಗೆ ಆಧಾರವಿದೆ. ಈಗ ಫಾನಾಲಿಟಿಕ್ಸ್ ಎಂದು ಹೆಸರಾಗಿರುವ ಅಮೆರಿಕದ ಸಂಸ್ಥೆಯೊಂದು 2014ರಲ್ಲಿ 11,000ಕ್ಕೂ ಹೆಚ್ಚು ಜನರನ್ನು ಸಮೀಕ್ಷಿಸಿತು. ಎಂದಾದರೂ ಸಸ್ಯಾಹಾರ ಹಿಡಿದಿದ್ದವರಲ್ಲಿ ಶೇ. 84ರಷ್ಟು ಮಂದಿ ಮರಳಿ ಮಾಂಸಾಹಾರಕ್ಕೆ ಹೋಗಿದ್ದರು. ಅವರಲ್ಲಿ ಮೂರನೆಯ ಒಂದು ಭಾಗ ಮೂರು ತಿಂಗಳೊಳಗೇ. ಬಿಟ್ಟವರಲ್ಲಿ ಬಹುಪಾಲು ಜನ ಯಾವ ಸಸ್ಯಾಹಾರಿ ಕೂಟದಲ್ಲೂ ಇರಲಿಲ್ಲ. ತಮ್ಮ ಊಟದಿಂದಾಗಿ ನಾಲ್ವರ ನಡುವೆ ಬೇರೆಯಾಗಿ ಕಾಣುವುದು ಹಿಡಿಸಲಿಲ್ಲವೆಂದವರು ಶೇ. 63. ಇನ್ನೊಂದು ಅಧ್ಯಯನ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನದು: 96 ಜನರನ್ನು ಗಮನಿಸಿದಾಗ ಹೊಸ ಅಭ್ಯಾಸವೊಂದು ನೆಲೆಗೊಳ್ಳಲು ಸರಾಸರಿ 66 ದಿನ ಬೇಕಾಯಿತು. ಹಾಗಿದ್ದಲ್ಲಿ 22 ದಿನಗಳ ಕೂಟ ಬರಿಯ ಹೊಸ್ತಿಲು. ಅನಂತರವೂ ಎರಡು ತಿಂಗಳಾದರೂ ವಾರಕ್ಕೊಮ್ಮೆ ಸೇರುವ ಏರ್ಪಾಡಿರಬೇಕು.

ನಮ್ಮ ಸೀಮೆಯಲ್ಲಿ ಇದಕ್ಕೆ ನೆಲ ಹದವಾಗಿಯೇ ಇದೆ. ಜೋಳದ ರೊಟ್ಟಿ, ಎಣ್ಣೆಗಾಯಿ, ಪುಂಡಿಪಲ್ಯ, ಮಡಿಕೆಕಾಳಿನ ಪಲ್ಯ, ಶೇಂಗಾ, ಅಗಸಿ, ಗುರೆಳ್ಳಿನ ಚಟ್ನಿಪುಡಿಗಳಲ್ಲಿ ಹಾಲಿನ ಹನಿಯೂ ಇಲ್ಲ. ರಾಗಿಯಲ್ಲಿ 100 ಗ್ರಾಮಿಗೆ 300 ಮಿಲಿಗ್ರಾಮಿಗೂ ಮಿಕ್ಕಿ ಸುಣ್ಣದಂಶವಿದೆ. ಕಾಳಿನ ಪಲ್ಯಕ್ಕೆ ನಿಂಬೆ ಹಿಂಡಿದರೆ ಕಬ್ಬಿಣದಂಶ ಚೆನ್ನಾಗಿ ಹೀರಲ್ಪಡುತ್ತದೆ, ಊಟವಾದೊಡನೆ ಕುಡಿಯುವ ಚಹಾ ಅದನ್ನು ತಡೆಯುತ್ತದೆ. ಹೋಳಿಗೆಗೆ ತುಪ್ಪದ ಬದಲು ಕಾಯಿಹಾಲು ಹಳೆಯ ಮೈಸೂರಿನವರಿಗೆ ಹೊಸದೇನಲ್ಲ. ಕಠಿಣವಾದದ್ದು ಮಜ್ಜಿಗೆ ಮತ್ತು ಚಹಾ, ಅಷ್ಟೆ. ಒಂದು ಕೊರತೆಯನ್ನು ಮಾತ್ರ ಮರೆಯುವಂತಿಲ್ಲ: ಬಿ12 ಜೀವಸತ್ವ ಸಸ್ಯಾಹಾರದಿಂದ ಸಾಕಷ್ಟು ದೊರೆಯುವುದಿಲ್ಲ. ಹಾಲನ್ನೂ ಬಿಟ್ಟವರು ಅದನ್ನು ಮಾತ್ರೆಯಿಂದಲೋ ಬಲವರ್ಧಿತ ಆಹಾರದಿಂದಲೋ ಪಡೆಯಲೇಬೇಕು. ಗರ್ಭಿಣಿಯರು, ಮಕ್ಕಳು, ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ಸೇವಿಸುವವರು ವೈದ್ಯರನ್ನು ಕೇಳದೆ ಮುಂದಡಿಯಿಡಬಾರದು. ಇದನ್ನು ಮುಚ್ಚಿಟ್ಟು ಹುರಿದುಂಬಿಸುವ ಕೂಟಕ್ಕೆ ಸೇರದಿರುವುದೇ ಲೇಸು.

ಇನ್ನೊಂದು ಮಾತು ಗಂಡಸರಿಗೆ. ಮನೆಯ ಯಜಮಾನರೊಬ್ಬರೇ ಸಂಕಲ್ಪ ಮಾಡಿ ಬಂದರೆ ಎರಡು ಬಗೆಯ ಅಡುಗೆಯ ಹೊರೆ ಬೀಳುವುದು ಒಲೆಯ ಮುಂದಿರುವವರ ಮೇಲೆ. ಅತ್ತೆ, ಸೊಸೆ, ಮಗ ಒಟ್ಟಿಗೆ ಬಂದು ಕೂರದ ಕೂಟ ನಮ್ಮಲ್ಲಿ ನಿಲ್ಲಲಾರದು. ವಾರಕ್ಕೊಮ್ಮೆ ಸಭೆ ಸೇರುವ ಸ್ತ್ರೀಶಕ್ತಿ ಸ್ವಸಹಾಯ ಸಂಘಗಳು ಹಳ್ಳಿಗಳಲ್ಲಿ ಆಗಲೇ ಇವೆ. ಉಳಿತಾಯದ ಲೆಕ್ಕವಾದ ಮೇಲೆ ಅರ್ಧ ತಾಸು ಇದಕ್ಕೆ ಸಂದರೂ ಸಾಕು.

ಒತ್ತಾಯದ ಪ್ರಶ್ನೆಯನ್ನೂ ಇಲ್ಲಿ ಹೇಳಬೇಕಾಗಿದೆ. 2021ರ ಕೊನೆಯಲ್ಲಿ ಕಲ್ಯಾಣ ಕರ್ನಾಟಕದ ಶಾಲೆಗಳಲ್ಲಿ ಮಕ್ಕಳ ಅಪೌಷ್ಟಿಕತೆಯನ್ನು ನೀಗಿಸಲು ಸರ್ಕಾರ ಮೊಟ್ಟೆ ಕೊಡತೊಡಗಿದಾಗ, ನಮ್ಮ ಸಮಾಜದ ಕೆಲವು ಮಠಾಧೀಶರು ವಿರೋಧಿಸಿದ್ದು ಎಲ್ಲರಿಗೂ ತಿಳಿದಿದೆ. ಅವರ ಕಳಕಳಿಯನ್ನು ಗೌರವಿಸುತ್ತಲೇ ನಾನು ಹೇಳುವುದಿಷ್ಟು: ಹಸಿದ ಮಗುವಿನ ತಟ್ಟೆ ನಮ್ಮ ಪ್ರಚಾರ ಆರಂಭವಾಗಬೇಕಾದ ಸ್ಥಳವಲ್ಲ. ದಾಸೋಹದ ಪಂಕ್ತಿಯಲ್ಲಿ ಪಕ್ಕದವನು ಮನೆಯಲ್ಲಿ ಏನುಣ್ಣುವನೆಂದು ಕೇಳುವ ವಾಡಿಕೆಯಿಲ್ಲ. ಬಡಿಸಿದ್ದು ರುಚಿಯಾಗಿದ್ದರೆ ಅವನೇ ಮತ್ತೆ ಬರುತ್ತಾನೆ. 1931ರಲ್ಲಿ ಲಂಡನ್ನಿನ ಅದೇ ಸಂಘದ ಸಭೆಯಲ್ಲಿ, ವೃದ್ಧ ಹೆನ್ರಿ ಸಾಲ್ಟರ ಸಮ್ಮುಖದಲ್ಲಿ, ಗಾಂಧೀಜಿ ಸಸ್ಯಾಹಾರಿಗಳಿಗೆ ಸಹನೆಯನ್ನೂ ಬೋಧಿಸಿದ್ದರು.

ಮಠದ ಕಚೇರಿಯಲ್ಲಿ ಬೆಳಿಗ್ಗೆ ಹನ್ನೊಂದಕ್ಕೆ ಬರುವ ಹಾಲಿನ ಚಹಾವನ್ನು ಈ ಲೇಖಕನಿಗೆ ಇನ್ನೂ ಬಿಡಲಾಗಿಲ್ಲವೆಂಬುದನ್ನು ಒಪ್ಪಿಕೊಳ್ಳಬೇಕು. ಮೊಸರು ಬಿಟ್ಟು ನಾಲ್ಕು ತಿಂಗಳಾಯಿತು, ಅದೂ ಮನೆಯವರೆಲ್ಲರೂ ಒಟ್ಟಿಗೆ ಬಿಟ್ಟದ್ದರಿಂದ.