ಕೆ.ಎಂ. ವಾಡಿ ಎಂದರೆ ನಮ್ಮ ಕಟ್ಟೆಮಳಲವಾಡಿಯೇ

ಕಾವೇರಿ ಕೊಳ್ಳದ ನೀರಿನ ಬಗ್ಗೆ ಅಧ್ಯಯನ ಮಾಡಿದವರ ಬರಹಗಳಲ್ಲಿ ಕೆಲವು ಊರುಗಳ ಹೆಸರು ಮತ್ತೆ ಮತ್ತೆ ಬರುತ್ತವೆ. ಕುಡಿಗೆ, ಚುಂಚನಕಟ್ಟೆ, ಅಕ್ಕಿಹೆಬ್ಬಾಳು, ತಿ. ನರಸೀಪುರ, ಕೊಳ್ಳೇಗಾಲ, ಬಿಳಿಗುಂಡ್ಲು. ಇದೇ ಸಾಲಿನಲ್ಲಿ ಒಂದು ‘ಕೆ.ಎಂ. ವಾಡಿ’ ಕೂಡ ಇದೆ. ಇದು ಯಾವೂರಪ್ಪ ಎಂದು ಹುಣಸೂರು ಬಸ್ ಸ್ಟ್ಯಾಂಡಿನಲ್ಲಿ ಕೇಳಿದರೆ ಯಾರಿಗೂ ಗೊತ್ತಾಗಲಿಕ್ಕಿಲ್ಲ. ಅದು ನಮ್ಮ ಕಟ್ಟೆಮಳಲವಾಡಿ. ಕೇಂದ್ರ ಜಲ ಆಯೋಗದವರು ಲಕ್ಷ್ಮಣತೀರ್ಥದ ನೀರು ಅಳೆಯುವ ಜಾಗ. ಇಷ್ಟುದ್ದ ಹೆಸರು ಕಾಗದದ ಕಾಲಂನಲ್ಲಿ ಹಿಡಿಸಲಿಲ್ಲವೋ ಏನೋ, ತುಂಡು ಮಾಡಿ ಬರೆದರು. ಅದೇ ಉಳಿಯಿತು.

ಕಾವೇರಿ ಜಗಳದ ಕಥೆಯನ್ನು ಎಲ್ಲರೂ ಕೆ.ಆರ್.ಎಸ್. ಗೇಟಿನಿಂದ ಶುರು ಮಾಡುತ್ತಾರೆ. ನಾವು ಇಲ್ಲಿಂದ ಶುರು ಮಾಡುತ್ತೇವೆ. ಯಾಕೆಂದರೆ ಈ ಜಗಳದಲ್ಲಿ ಬೈದಾಡಿದವರು, ಕಲ್ಲು ತೂರಿದವರು, ಪಾದಯಾತ್ರೆ ಮಾಡಿದವರು ಎಲ್ಲರಿಗೂ ಗೊತ್ತು. ಒಟ್ಟಿಗೆ ಕೂತು ನೀರು ಅಳೆದವರ, ಲೆಕ್ಕ ಹಾಕಿದವರ, ಆಚೆ ರಾಜ್ಯದವನ ಗದ್ದೆಗೆ ಹೋಗಿ ನೋಡಿ ಬಂದವರ ಕಥೆ ಅಷ್ಟಾಗಿ ಯಾರೂ ಹೇಳುವುದಿಲ್ಲ.

ಮೊದಲು ನೀರು ಅಳೆಯುವುದು ಹೇಗೆ ಎಂದು ನೋಡೋಣ. ನದಿಯ ದಡದಲ್ಲಿ ಗುರುತು ಹಾಕಿದ ಅಳತೆ ಕಂಬಗಳಿರುತ್ತವೆ. ನೀರು ಎಷ್ಟು ಮಟ್ಟದಲ್ಲಿದೆ ಎಂದು ದಿನಾ ಬೆಳಿಗ್ಗೆ ನೋಡಿ ಬರೆಯುತ್ತಾರೆ. ಪ್ರವಾಹ ಬಂದರೆ ಗಂಟೆಗೊಮ್ಮೆ. ಮಟ್ಟ ಗೊತ್ತಾದರೆ ಸಾಲದು, ಎಷ್ಟು ವೇಗವಾಗಿ ಹರಿಯುತ್ತಿದೆ ಎಂಬುದೂ ಬೇಕು. ಅದಕ್ಕೆ ನದಿಯ ಅಡ್ಡಕ್ಕೆ ಹಲವು ಕಡೆ ಆಳ ನೋಡಿ, ಪ್ರತಿ ಕಡೆಯೂ ನೀರಿನೊಳಗೆ ಮೀಟರ್ ಇಳಿಸುತ್ತಾರೆ. ಅದರಲ್ಲಿ ಪುಟ್ಟ ಬಟ್ಟಲುಗಳ ಚಕ್ರ ಇರುತ್ತದೆ. ನೀರಿನ ರಭಸಕ್ಕೆ ಅದು ಎಷ್ಟು ಸುತ್ತು ಸುತ್ತಿತು ಎಂದು ಎಣಿಸಿದರೆ ವೇಗ ಸಿಗುತ್ತದೆ. ಅಗಲ, ಆಳ, ವೇಗ ಮೂರನ್ನೂ ಗುಣಿಸಿದರೆ ಕ್ಯೂಸೆಕ್ ಲೆಕ್ಕ. ಒಂದು ಕ್ಯೂಸೆಕ್ ಎಂದರೆ ಸೆಕೆಂಡಿಗೆ ಸುಮಾರು 28 ಲೀಟರ್. ಸುಮಾರು 11,574 ಕ್ಯೂಸೆಕ್ ನೀರು ಒಂದು ಹಗಲು ಒಂದು ರಾತ್ರಿ ಹರಿದರೆ ಒಂದು ಟಿ.ಎಂ.ಸಿ. ಟಿ.ವಿ.ಯಲ್ಲಿ ಟಿ.ಎಂ.ಸಿ. ಎಂದು ಕೂಗಾಡುವಾಗ ಈ ಒಂದು ಲೆಕ್ಕ ತಲೆಯಲ್ಲಿ ಇಟ್ಟುಕೊಂಡರೆ ಅರ್ಧ ಗಲಾಟೆ ಅರ್ಥವಾಗುತ್ತದೆ.

ಕೆ.ಎಂ. ವಾಡಿಯ ಅಂಕಿ ಸಂಶೋಧಕರಿಗೆ ಬೇಕಾಗುವುದಕ್ಕೂ ಕಾರಣ ಇದೆ. ಲಕ್ಷ್ಮಣತೀರ್ಥ ಕೊಡಗಿನ ಬ್ರಹ್ಮಗಿರಿಯಲ್ಲಿ, ಇರ್ಪು ಜಲಪಾತದ ಕಡೆ ಹುಟ್ಟಿ, ಹನಗೋಡು, ಹುಣಸೂರು ಹಾದು ಇಲ್ಲಿಗೆ ಬರುತ್ತದೆ. ಮುಂದೆ ಕೆ.ಆರ್.ಎಸ್. ಹಿನ್ನೀರಿಗೆ ಸೇರುತ್ತದೆ. ದಾರಿಯಲ್ಲಿ ಕಟ್ಟೆಗಳಿವೆ, ಹಾರಂಗಿ, ಹೇಮಾವತಿಯಂಥ ದೊಡ್ಡ ಜಲಾಶಯ ಇಲ್ಲ. ಗೇಟು ಮುಚ್ಚಿ ತೆಗೆಯುವ ಆಟ ಕಡಿಮೆ ಇರುವುದರಿಂದ ಮಳೆ ಎಷ್ಟು ಬಿತ್ತು, ಕಾಡು ಎಷ್ಟು ಉಳಿದಿದೆ, ತೋಟ ಗದ್ದೆ ಎಷ್ಟು ನೀರು ಹಿಡಿಯಿತು ಎಂಬುದೆಲ್ಲ ಇಲ್ಲಿನ ಹರಿವಿನಲ್ಲಿ ಹೆಚ್ಚು ಕಡಿಮೆ ನೇರವಾಗಿ ಕಾಣುತ್ತದೆ.

ಈಗ ಹಳೆಯ ಕಥೆಗೆ ಬರೋಣ. ಹನಗೋಡು, ಕಟ್ಟೆಮಳಲವಾಡಿ ಕಟ್ಟೆಗಳಿಂದ ಹೊರಟ ನಾಲೆಗಳು ಕೆ.ಆರ್.ಎಸ್.ಗಿಂತ ಹಳೆಯವು. 1892ರ ಫೆಬ್ರವರಿ 18ರಂದು ಮೈಸೂರು ಸಂಸ್ಥಾನಕ್ಕೂ ಮದ್ರಾಸ್ ಸರ್ಕಾರಕ್ಕೂ ಒಪ್ಪಂದ ಆಯಿತು. ಮದ್ರಾಸಿನ ಒಪ್ಪಿಗೆ ಇಲ್ಲದೆ ಮೈಸೂರಿನವರು ಹೊಸ ಜಲಾಶಯ, ಹೊಸ ಅಣೆಕಟ್ಟೆ ಕಟ್ಟಕೂಡದು ಎಂದು ಕೆಲವು ನದಿಗಳ ಪಟ್ಟಿ ಮಾಡಿದರು. ಆ ಪಟ್ಟಿಯಲ್ಲಿ ಕಾವೇರಿ, ಹೇಮಾವತಿ, ಕಬಿನಿ ಜೊತೆಗೆ ಲಕ್ಷ್ಮಣತೀರ್ಥವೂ ಇದೆ. ಬೇಸಿಗೆಯಲ್ಲಿ ಹುಡುಗರು ನಡೆದೇ ದಾಟುವ ಈ ಹೊಳೆ ಅಂದಿನಿಂದಲೇ ಎರಡು ಸರ್ಕಾರಗಳ ಕಡತದಲ್ಲಿ ಕೂತಿದೆ.

ಮುಂದೆ ಕನ್ನಂಬಾಡಿ ಕಟ್ಟುವಾಗ ತಕರಾರು ಬಂತು. ಅಲಹಾಬಾದ್ ಹೈಕೋರ್ಟಿನ ನ್ಯಾಯಾಧೀಶ ಗ್ರಿಫಿನ್ ಮಧ್ಯಸ್ಥಿಕೆ ಮಾಡಿ 1914ರಲ್ಲಿ ತೀರ್ಪು ಕೊಟ್ಟರು. ಮದ್ರಾಸ್ ಒಪ್ಪಲಿಲ್ಲ. ಕೊನೆಗೆ 1924ರ ಫೆಬ್ರವರಿ 18ರಂದು, ಮತ್ತೆ ಅದೇ ತಾರೀಕು, ಇನ್ನೊಂದು ಒಪ್ಪಂದ. ಅದರ ಕೆಲವು ಷರತ್ತುಗಳನ್ನು 50 ವರ್ಷ ಆದ ಮೇಲೆ ಮತ್ತೆ ನೋಡಬೇಕು ಎಂದಿತ್ತು. ಆ 50 ವರ್ಷ ಮುಗಿಯುವ ಹೊತ್ತಿಗೆ ಹೆಗ್ಗಡದೇವನಕೋಟೆಯಲ್ಲಿ ಕಬಿನಿ, ಕೊಡಗಿನಲ್ಲಿ ಹಾರಂಗಿ, ಗೊರೂರಿನಲ್ಲಿ ಹೇಮಾವತಿ ಕೆಲಸಗಳು ನಡೆಯುತ್ತಿದ್ದವು. ತಮಿಳುನಾಡು ಗಾಬರಿಯಾಯಿತು.

ಆಗ ಕೇಂದ್ರ ಸರ್ಕಾರ 1972ರಲ್ಲಿ ಒಂದು ಸತ್ಯಶೋಧನಾ ಸಮಿತಿ ಮಾಡಿತು. ತೀರ್ಪು ಕೊಡುವುದು ಅದರ ಕೆಲಸ ಅಲ್ಲ. ಯಾರು ಎಷ್ಟು ನೀರು ಬಳಸುತ್ತಿದ್ದಾರೆ ಎಂದು ಲೆಕ್ಕ ತೆಗೆಯುವುದು ಅಷ್ಟೇ. ಎಂಜಿನಿಯರುಗಳು, ಒಬ್ಬ ನಿವೃತ್ತ ನ್ಯಾಯಾಧೀಶರು, ಕೃಷಿ ತಜ್ಞರು ಕೂಡಿ ಮಾಡಿದ ಲೆಕ್ಕ ಇದು: ತಮಿಳುನಾಡು 489 ಟಿ.ಎಂ.ಸಿ., ಕರ್ನಾಟಕ 177, ಕೇರಳ 5. ಒಟ್ಟು 671. ಈ ಅಂಕಿಯಲ್ಲಿ ಕರ್ನಾಟಕದ ಹೊಟ್ಟೆಯುರಿಯೂ ಇದೆ, ತಮಿಳುನಾಡಿನ ಭಯವೂ ಇದೆ. ನಮ್ಮ ದೃಷ್ಟಿಯಲ್ಲಿ ಇಡೀ ಕಾವೇರಿ ಚರಿತ್ರೆಯಲ್ಲಿ ಅತಿ ಹೆಚ್ಚು ಉಪಯೋಗಕ್ಕೆ ಬಂದ ಕೆಲಸ ಈ ಬಣ್ಣ ಇಲ್ಲದ ವರದಿಯೇ. ಕೊಳ್ಳದಲ್ಲಿ ಸಿಗುವ ನೀರು 740 ಟಿ.ಎಂ.ಸಿ. ಎಂಬ ಅಂಕಿಯ ಮೇಲೆಯೇ ಮುಂದೆ ನ್ಯಾಯಮಂಡಳಿ ತನ್ನ ಹಂಚಿಕೆ ಕಟ್ಟಿತು.

ಅಲ್ಲಿಂದ ಮುಂದಿನದು ನಿಮಗೆ ಗೊತ್ತಿರುವುದೇ. 1990ರ ಜೂನ್ 2ಕ್ಕೆ ನ್ಯಾಯಮಂಡಳಿ ಬಂತು. 1991ರ ಜೂನ್‌ನಲ್ಲಿ ವರ್ಷಕ್ಕೆ 205 ಟಿ.ಎಂ.ಸಿ. ಬಿಡಿ ಎಂದು ಮಧ್ಯಂತರ ಆದೇಶ ಕೊಟ್ಟಿತು. ಡಿಸೆಂಬರಿನಲ್ಲಿ ಬೆಂಗಳೂರು, ಮೈಸೂರು ಸೀಮೆಯಲ್ಲಿ ಗಲಭೆ ಎದ್ದು, ನೀರಿಗೂ ತಮಗೂ ಸಂಬಂಧವೇ ಇಲ್ಲದ ಎಷ್ಟೋ ತಮಿಳು ಕೂಲಿಕಾರರ ಕುಟುಂಬಗಳು ಊರು ಬಿಟ್ಟವು. 2002ರಲ್ಲಿ ಮಳೆ ಕೈಕೊಟ್ಟಿತು. ನೀರು ಬಿಟ್ಟದ್ದನ್ನು ವಿರೋಧಿಸಿ ಕಬಿನಿ ಜಲಾಶಯಕ್ಕೆ ಹಾರಿದ ಒಬ್ಬ ರೈತರು ಪ್ರಾಣ ಕಳೆದುಕೊಂಡರು. ಆಗಿನ ಮುಖ್ಯಮಂತ್ರಿ ಎಸ್.ಎಂ. ಕೃಷ್ಣ ಬೆಂಗಳೂರಿನಿಂದ ಮಂಡ್ಯದ ಕಡೆಗೆ ಪಾದಯಾತ್ರೆ ಹೊರಟರು. ಆ ಕಡೆ ಮೆಟ್ಟೂರು ಅಣೆಕಟ್ಟೆಯ ಗೇಟು ಪ್ರತಿ ವರ್ಷದಂತೆ ಜೂನ್ 12ಕ್ಕೆ ತೆರೆಯಲಿಲ್ಲ. ತಂಜಾವೂರು ಸೀಮೆಯ ಕುರುವೈ ಭತ್ತ ಹೋಯಿತು.

ಇಷ್ಟೆಲ್ಲ ಆದ ಮೇಲೆ, 2003ರ ಏಪ್ರಿಲ್‌ನಲ್ಲಿ, ಎರಡೂ ಕಡೆಯ ರೈತ ಮುಖಂಡರು ಚೆನ್ನೈಯಲ್ಲಿ ಒಂದೇ ಕೋಣೆಯಲ್ಲಿ ಕೂತರು. ಕರೆದವರು ಸರ್ಕಾರದವರಲ್ಲ. ಮದ್ರಾಸ್ ಇನ್‌ಸ್ಟಿಟ್ಯೂಟ್ ಆಫ್ ಡೆವಲಪ್‌ಮೆಂಟ್ ಸ್ಟಡೀಸ್ ಎಂಬ ಸಂಶೋಧನಾ ಸಂಸ್ಥೆ. ಅಲ್ಲಿನ ಪ್ರಾಧ್ಯಾಪಕ ಎಸ್. ಜನಕರಾಜನ್ ಇದರ ಹಿಂದೆ ನಿಂತವರು. ತಮಿಳುನಾಡಿನ ಕಡೆಯಿಂದ ಡೆಲ್ಟಾ ರೈತರ ಮುಖಂಡ ಮನ್ನಾರ್‌ಗುಡಿ ಎಸ್. ರಂಗನಾಥನ್, ನಮ್ಮ ಕಡೆಯಿಂದ ಪಾಂಡವಪುರದ ರೈತ ಸಂಘದ ಕೆ.ಎಸ್. ಪುಟ್ಟಣ್ಣಯ್ಯ. ಜೊತೆಗೆ ನೀರಾವರಿ ಬಲ್ಲವರು, ಲೆಕ್ಕ ಬಲ್ಲವರು. ಮುಂದಿನ ಸಭೆ ಜೂನ್‌ನಲ್ಲಿ ಬೆಂಗಳೂರಿನಲ್ಲಿ. ಈ ಗುಂಪಿಗೆ ಇಟ್ಟ ಹೆಸರು ‘ಕಾವೇರಿ ಕುಟುಂಬ’.

ಕುಟುಂಬ ಎಂಬ ಮಾತು ಕೇಳಿ ನಗಬೇಡಿ. ಅಣ್ಣತಮ್ಮಂದಿರು ಹಿಸ್ಸೆಗೆ ಕೂತಾಗ ಆಗುವುದೆಲ್ಲ ಅಲ್ಲೂ ಆಗಿತ್ತು. ಆದರೆ ಅವರು ಒಂದು ಒಳ್ಳೆಯ ಕೆಲಸ ಮಾಡಿದರು: ಒಬ್ಬರ ಹೊಲ ಇನ್ನೊಬ್ಬರು ಹೋಗಿ ನೋಡಿದರು. ನಮ್ಮವರು ಡೆಲ್ಟಾಕ್ಕೆ ಹೋದರು, ಅವರು ಇಲ್ಲಿಗೆ ಬಂದರು. ತಮಿಳುನಾಡಿನವರು ವರ್ಷಕ್ಕೆ ಮೂರು ಬೆಳೆ ತೆಗೆದು ಮಜಾ ಮಾಡುತ್ತಾರೆ ಎಂದು ನಮ್ಮ ಅರಳಿಕಟ್ಟೆಗಳಲ್ಲಿ ಹೇಳುವ ಮಾತು ಇದೆಯಲ್ಲ, ಅದನ್ನು ಬಿರುಕು ಬಿಟ್ಟ ಗದ್ದೆಯ ಬದುವಿನ ಮೇಲೆ ನಿಂತು ಹೇಳುವುದು ಕಷ್ಟ. ಕರ್ನಾಟಕದವರು ನೀರು ಬಚ್ಚಿಟ್ಟುಕೊಂಡಿದ್ದಾರೆ ಎನ್ನುವುದನ್ನೂ ಬರಿದಾದ ಅಣೆಕಟ್ಟೆ ಎದುರು ಹೇಳಲಾಗುವುದಿಲ್ಲ.

ಸಂಶೋಧಕರ ಪಾತ್ರ ಇಲ್ಲಿ ಮುಖ್ಯ. ಮಳೆ ಚೆನ್ನಾಗಿ ಆದ ವರ್ಷ ಯಾವ ಜಗಳವೂ ಇಲ್ಲ, ನೀರು ತಾನಾಗಿಯೇ ಬಿಳಿಗುಂಡ್ಲು ದಾಟುತ್ತದೆ. ಬರದ ವರ್ಷ ಕೊರತೆಯನ್ನು ಹೇಗೆ ಹಂಚಿಕೊಳ್ಳಬೇಕು ಎಂಬುದೇ ಪ್ರಶ್ನೆ. ಅದಕ್ಕೆ ಒಂದು ಸೂತ್ರ ಹುಡುಕಲು ಹೊರಟರು. ಯಾವ ತಿಂಗಳು ಎಷ್ಟು ಒಳಹರಿವು, ಯಾವ ಬೆಳೆಗೆ ಯಾವ ವಾರ ನೀರು ಬೇಕೇ ಬೇಕು ಎಂದೆಲ್ಲ ಲೆಕ್ಕ ಇಟ್ಟುಕೊಂಡು ಹಲವು ಸಲ ಕೂತರು. ಕೇಂದ್ರ ಜಲ ಸಂಪನ್ಮೂಲ ಇಲಾಖೆಯ ಕಾರ್ಯದರ್ಶಿಯಾಗಿದ್ದ ರಾಮಸ್ವಾಮಿ ಆರ್. ಅಯ್ಯರ್ ಈ ಪ್ರಯತ್ನದ ಪರವಾಗಿ ಬರೆದರು.

ಸೂತ್ರ ಸಿಕ್ಕಿತೇ? ಇಲ್ಲ. ಎರಡೂ ಕಡೆ ಒಪ್ಪುವ ಸೂತ್ರ ಬರುವ ಮೊದಲೇ 2007ರ ಫೆಬ್ರವರಿ 5ರಂದು ನ್ಯಾಯಮಂಡಳಿಯ ಅಂತಿಮ ತೀರ್ಪು ಬಂತು. ತಮಿಳುನಾಡಿಗೆ 419, ಕರ್ನಾಟಕಕ್ಕೆ 270, ಕೇರಳಕ್ಕೆ 30, ಪುದುಚೇರಿಗೆ 7. ಎಲ್ಲರೂ ಮತ್ತೆ ಕೋರ್ಟಿಗೆ ಹೋದರು. ಕುಟುಂಬ ತಣ್ಣಗಾಯಿತು. ರೈತರು ಒಪ್ಪಿದರೂ ಸಹಿ ಹಾಕುವ ಅಧಿಕಾರ ಅವರಿಗಿರಲಿಲ್ಲ ಎಂಬುದು ಒಂದು ಕಾರಣ. ರಾಜಕೀಯದವರಿಗೆ ಜಗಳ ಬೇಕಿತ್ತು ಎಂದು ಹೇಳುವವರಿದ್ದಾರೆ. ಅದರಲ್ಲಿ ಸತ್ಯ ಇದೆ, ಆದರೆ ಪೂರ್ತಿ ಅಲ್ಲ. ಬರದ ವರ್ಷ ನನ್ನ ಪಾಲಿಗೆ ಎಷ್ಟು ಕಡಿತ ಆಗಲಿ ಎಂದು ತಾನೇ ಮುಂದೆ ಬಂದು ಹೇಳುವುದು ಯಾವ ರೈತ ಮುಖಂಡನಿಗೂ ಸುಲಭ ಅಲ್ಲ. ಊರಿಗೆ ವಾಪಸ್ ಬರಬೇಕಲ್ಲ.

ಸುಪ್ರೀಂ ಕೋರ್ಟ್ 2018ರ ಫೆಬ್ರವರಿ 16ರಂದು ಕೊನೆಯ ಮಾತು ಹೇಳಿತು. ಕರ್ನಾಟಕ ಬಿಳಿಗುಂಡ್ಲುವಿನಲ್ಲಿ ಕೊಡಬೇಕಾದ ನೀರು 192ರಿಂದ 177.25 ಟಿ.ಎಂ.ಸಿ.ಗೆ ಇಳಿಯಿತು. ಎರಡು ದಿನ ಕಳೆದು, ಫೆಬ್ರವರಿ 18ರಂದು, ಪುಟ್ಟಣ್ಣಯ್ಯ ತೀರಿಕೊಂಡರು. 1892, 1924ರ ಒಪ್ಪಂದಗಳಾದ ತಾರೀಕೇ ಅದು. ಕಾಕತಾಳೀಯ, ಅಷ್ಟೇ. ಆದರೂ ಬರೆಯದೆ ಇರಲಾಗಲಿಲ್ಲ.

ಆ ವರ್ಷವೇ ಕಾವೇರಿ ನೀರು ನಿರ್ವಹಣಾ ಪ್ರಾಧಿಕಾರ, ಅದರ ಕೆಳಗೆ ನಿಯಂತ್ರಣ ಸಮಿತಿ ಬಂದವು. 2023ರಲ್ಲಿ ಮಳೆ ಹೋಯಿತು, ಸೆಪ್ಟೆಂಬರಿನಲ್ಲಿ 5,000 ಕ್ಯೂಸೆಕ್ ಬಿಡಿ ಎಂಬ ಆದೇಶ ಬಂತು, ಬಂದ್ ಆಯಿತು. ಅಂದು ಸಮಿತಿ ನೋಡಿದ್ದು ಹಾರಂಗಿ, ಹೇಮಾವತಿ, ಕಬಿನಿ, ಕೆ.ಆರ್.ಎಸ್. ಈ ನಾಲ್ಕು ಜಲಾಶಯಗಳಿಗೆ ಮೂವತ್ತು ವರ್ಷದ ಸರಾಸರಿಗಿಂತ ಎಷ್ಟು ಕಡಿಮೆ ನೀರು ಬಂದಿದೆ ಎಂಬುದನ್ನು. ಕೆ.ಆರ್.ಎಸ್. ಒಳಹರಿವಿನಲ್ಲಿ ಲಕ್ಷ್ಮಣತೀರ್ಥದ ನೀರೂ ಸೇರಿದೆ. ಅಂದರೆ ಕುರುವೈ ಬೆಳೆಯುವ ರೈತನ ಪಾಲು ಎಷ್ಟು ಎಂಬ ಲೆಕ್ಕದಲ್ಲಿ ನಮ್ಮ ಹೊಳೆಯದೂ ಒಂದು ಅಂಶ. ಆ ಸಮಿತಿಯಲ್ಲಿ ಎಂಜಿನಿಯರುಗಳಿದ್ದಾರೆ, ಹವಾಮಾನ ಇಲಾಖೆಯವರಿದ್ದಾರೆ. ಪುಟ್ಟಣ್ಣಯ್ಯ, ರಂಗನಾಥನ್ ಅಂಥ ರೈತರಿಗೆ ಕುರ್ಚಿ ಇಲ್ಲ.

ಇನ್ನು ನದಿಯ ತಲೆಯ ಕಡೆ. ಇಲ್ಲಿ ಹರಿಯುವ ನೀರು ಕೊಡಗಿನ ಕಾಡು, ಕಾಫಿ ತೋಟ, ಗದ್ದೆಗಳು ಬಿಟ್ಟುಕೊಟ್ಟ ನೀರು. ಪೊನ್ನಂಪೇಟೆಯ ಅರಣ್ಯ ಮಹಾವಿದ್ಯಾಲಯ, ಪುದುಚೇರಿಯ ಫ್ರೆಂಚ್ ಇನ್‌ಸ್ಟಿಟ್ಯೂಟ್ ಮತ್ತು ಫ್ರಾನ್ಸಿನ ಕೃಷಿ ಸಂಶೋಧನಾ ಸಂಸ್ಥೆ ಸಿರಾಡ್ ಕೂಡಿ 2007ರಿಂದ ‘ಕ್ಯಾಫ್‌ನೆಟ್’ ಎಂಬ ಯೋಜನೆ ನಡೆಸಿದವು. ಮಧ್ಯ ಅಮೆರಿಕ, ಪೂರ್ವ ಆಫ್ರಿಕದ ಕಾಫಿ ಸೀಮೆಗಳೂ ಅದರಲ್ಲಿದ್ದವು. ತೋಟದ ನೆರಳಿನ ಮರಗಳು ನೀರನ್ನು, ಜೀವಜಾತಿಗಳನ್ನು ಹೇಗೆ ಕಾಯುತ್ತವೆ, ಅದಕ್ಕೆ ಬೆಳೆಗಾರನಿಗೆ ಬೆಲೆ ಸಿಗುವಂತೆ ಹೇಗೆ ಮಾಡಬಹುದು ಎಂಬುದು ಅವರ ಪ್ರಶ್ನೆ. 1977ರಿಂದ 1997ರ ನಡುವೆ ಕೊಡಗಿನಲ್ಲಿ ಶೇ. 28ರಷ್ಟು ಕಾಡು ಹೋಗಿತ್ತು ಎಂಬ ಲೆಕ್ಕ ಈ ಸಂಶೋಧಕರ ಬರಹದಲ್ಲಿದೆ. ಊರಿನ ಕಾಡುಮರಗಳ ಜಾಗಕ್ಕೆ ಸಿಲ್ವರ್ ಓಕ್ ಬಂದದ್ದನ್ನೂ ಬರೆದಿದ್ದಾರೆ. ಕೊಡಗಿನ ಬೆಳೆಗಾರ ಒಂದು ಮರ ಕಡಿದರೆ ಹುಣಸೂರಿನ ನಾಲೆ ನಾಳೆಯೇ ಬತ್ತುವುದಿಲ್ಲ, ಹಾಗೆ ಹೇಳಿದರೆ ಅತಿಯಾಯಿತು. ಆದರೆ ಕೊನೆಯ ತೂಬಿನ ರೈತ ಮೇಲಿನವರನ್ನು ಬೈಯುವ ಮೊದಲು ನೋಡಬೇಕಾದ ಲೆಕ್ಕ ಇದು. ಹಾಗೆಯೇ ಹೊಗೆಸೊಪ್ಪು ಬೇಯಿಸಲು ಹುಣಸೂರು, ಪಿರಿಯಾಪಟ್ಟಣ, ಕೋಟೆ ತಾಲ್ಲೂಕುಗಳಲ್ಲಿ ಬ್ಯಾರನ್‌ಗಳಿಗೆ ಹೋಗುವ ಸೌದೆಯ ಲೆಕ್ಕವೂ.

ನೂರು ವರ್ಷಕ್ಕೂ ಹೆಚ್ಚು ಕಾಲ ಜಗಳವೆಲ್ಲ ಎಷ್ಟು ನೀರು ಎಂಬುದರ ಮೇಲೆಯೇ ನಡೆಯಿತು. ಎಂಥ ನೀರು ಎಂದು ಕೇಳಿದ್ದು ತೀರ ಇತ್ತೀಚೆಗೆ. ನ್ಯಾಯಮಂಡಳಿ 2007ರಲ್ಲಿ ನದಿಯ ಪರಿಸರಕ್ಕೆಂದೇ 10 ಟಿ.ಎಂ.ಸಿ. ತೆಗೆದಿಟ್ಟಿತು, ಅದು ಒಳ್ಳೆಯದೇ. ಆದರೆ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2018ರಲ್ಲಿ ದೇಶದ 351 ಮಲಿನ ನದಿ ಭಾಗಗಳನ್ನು ಗುರುತಿಸಿದಾಗ ಅದರಲ್ಲಿ ಕರ್ನಾಟಕದ್ದು 17. ಹುಣಸೂರಿನಿಂದ ಕಟ್ಟೆಮಳಲವಾಡಿವರೆಗಿನ ಲಕ್ಷ್ಮಣತೀರ್ಥ ಅದರಲ್ಲೊಂದು. ಕೊಳೆ ಕರಗಿಸಲು ನೀರಿನೊಳಗಿನ ಆಮ್ಲಜನಕ ಎಷ್ಟು ಖರ್ಚಾಗುತ್ತದೆ ಎಂದು ನೋಡುವ ಅಳತೆಗೆ ಬಿ.ಒ.ಡಿ. ಎನ್ನುತ್ತಾರೆ. ಲೀಟರಿಗೆ 3 ಮಿಲಿಗ್ರಾಂ ದಾಟಿದರೆ ಆ ಭಾಗ ಪಟ್ಟಿಗೆ ಸೇರುತ್ತದೆ. ಪಟ್ಟಣದ ಚರಂಡಿ ಎಲ್ಲಿ ಹೊಳೆಗೆ ಇಳಿಯುತ್ತದೆ ಎಂದು ಹುಣಸೂರಿನವರಿಗೆ ನಾವು ಹೇಳಿಕೊಡಬೇಕಾಗಿಲ್ಲ. ಅದೇ ನೀರು ಕಟ್ಟೆಮಳಲವಾಡಿಯ ನಾಲೆಗೆ ತಿರುಗುತ್ತದೆ, ಉಳಿದದ್ದು ಕೆ.ಆರ್.ಎಸ್. ಸೇರುತ್ತದೆ.

ಈ ಪಟ್ಟಿ ನೋಡಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2018ರ ಸೆಪ್ಟೆಂಬರಿನಲ್ಲಿ ಎಲ್ಲ ರಾಜ್ಯಗಳಿಗೂ ಕ್ರಿಯಾ ಯೋಜನೆ ಮಾಡಿ ಎಂದಿತು. ಲಕ್ಷ್ಮಣತೀರ್ಥದ ಯೋಜನೆ ಜಾರಿಯಾಗಬೇಕಾದರೆ ತಮಿಳುನಾಡಿನ ಸಹಿ ಬೇಕಾಗಿಲ್ಲ, ಬಿಳಿಗುಂಡ್ಲುವಿನ ಲೆಕ್ಕವೂ ಬೇಕಾಗಿಲ್ಲ. ಒಂದು ನಗರಸಭೆ, ಒಂದಷ್ಟು ಗ್ರಾಮ ಪಂಚಾಯಿತಿ, ಒಂದು ನಾಲೆಯ ರೈತರು, ಅಷ್ಟೇ ಜನ ಒಂದು ಕೋಣೆಯಲ್ಲಿ ಕೂರಬೇಕು. ಅಳತೆ ಕಂಬ ಊರಲ್ಲೇ ಇದೆ.