ಜೀವಕೋಶದ ಕಡಿವಾಣ

ಕಾರ್ಕಳದಿಂದ ಪಡುಬಿದ್ರಿಗೆ ಹೋಗುವ ದಾರಿಯಲ್ಲಿ ನಿಟ್ಟೆ ಎಂಬ ಗ್ರಾಮವುಂಟು. ಅಡಿಕೆ ತೋಟಗಳ ಈ ಸೀಮೆಯಲ್ಲಿ ಬಂದ ನೆಂಟರ ಮುಂದೆ ಎಲೆಅಡಿಕೆಯ ಹರಿವಾಣ ಇಡುವುದು ಹಿಂದಿನಿಂದ ಬಂದ ಮರ್ಯಾದೆ. ಹೊಗೆಸೊಪ್ಪು ಬೆರೆಸಿದರೂ ಬೆರೆಸದಿದ್ದರೂ ಎಲೆಅಡಿಕೆ ಬಾಯಿಯ ಅರ್ಬುದಕ್ಕೆ, ಎಂದರೆ ಕ್ಯಾನ್ಸರಿಗೆ, ಕಾರಣವಾಗುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2004ರಲ್ಲಿ ಪ್ರಕಟಿಸಿತು. ನ್ಯಾಯಮೂರ್ತಿ ಕೆ. ಎಸ್. ಹೆಗ್ಡೆಯವರು 1979ರಲ್ಲಿ ನಿಟ್ಟೆಯ ಹೆಸರಿನಲ್ಲಿ ಕಟ್ಟಿದ ವಿದ್ಯಾಸಂಸ್ಥೆ ಇಂದು ವೈದ್ಯವನ್ನೂ ಜೀವವಿಜ್ಞಾನವನ್ನೂ ಕಲಿಸುತ್ತಿದೆ. ಆದ್ದರಿಂದ ಈ ಶೋಧದ ಚರಿತ್ರೆ ನಿಮ್ಮ ಮನೆಯ ಜಗಲಿಗೆ ದೂರದ್ದೇನೂ ಅಲ್ಲ.

ಜೀವಕೋಶಗಳು ಕಾಲವರಿತು ಬೆಳೆಯಬೇಕು, ಇಬ್ಭಾಗವಾಗಬೇಕು, ಸಾಯಬೇಕು. ‘ಬೆಳೆ’ ಎಂಬ ಸಂದೇಶ ಕೋಶದ ಹೊರಮೈಗೆ ತಲಪಿದೊಡನೆ ಪ್ರೋಟೀನುಗಳು ಅದನ್ನು ಒಂದರಿಂದೊಂದಕ್ಕೆ ದಾಟಿಸಿ ಒಳಗಿನ ಕೇಂದ್ರಕ್ಕೆ ಮುಟ್ಟಿಸುತ್ತವೆ. ಈ ಹಾದಿ ಕೆಟ್ಟು, ಯಾರೂ ಹೇಳದಿದ್ದರೂ ‘ಬೆಳೆ, ಬೆಳೆ’ ಎಂಬ ಕೂಗು ನಿಲ್ಲದೆ ಹೋದರೆ ಅರ್ಬುದಕ್ಕೆ ಎಡೆಯಾಗುತ್ತದೆ.

ಮಣಿಪಾಲದಲ್ಲಿ ಕಸ್ತೂರಬಾ ವೈದ್ಯಕೀಯ ಕಾಲೇಜು ಆರಂಭವಾದ 1953ರಲ್ಲೇ ವಾಟ್ಸನ್ ಮತ್ತು ಕ್ರಿಕ್ ಡಿಎನ್‌ಎಯ ರಚನೆಯನ್ನು ತಿಳಿಸಿದರು. ಡಿಎನ್‌ಎ ಮೂಲ ಕಡತ. ಆರ್‌ಎನ್‌ಎ ಅದರಿಂದ ನಕಲಿಳಿಸಿದ ಓಲೆ. ಓಲೆಯಂತೆ ಪ್ರೋಟೀನು ತಯಾರಾಗುತ್ತದೆ. ಇಷ್ಟು ಬೇಗನೆ ಸ್ಪಷ್ಟವಾಯಿತು. ಓಲೆಯನ್ನು ತಡೆಹಿಡಿಯುವ ಪುಟ್ಟ ಕೈಯೊಂದುಂಟೆಂದು ತಿಳಿಯಲು ಮಾತ್ರ ನಲವತ್ತು ವರ್ಷ ಹಿಡಿಯಿತು.

1993ರಲ್ಲಿ ಅಮೆರಿಕದ ವಿಕ್ಟರ್ ಆಂಬ್ರೋಸ್ ಮತ್ತು ಗ್ಯಾರಿ ರುವ್‌ಕುನ್ ಅವರ ತಂಡಗಳು ಒಂದು ಮಿಲಿಮೀಟರ್ ಉದ್ದದ ಹುಳುವಿನಲ್ಲಿ ಇದನ್ನು ಕಂಡವು. ಕೇವಲ 22 ಅಕ್ಷರಗಳ ಆರ್‌ಎನ್‌ಎ ತುಣುಕೊಂದು ಓಲೆಗೆ ಅಂಟಿಕೊಂಡು ಅದರ ಕೆಲಸವನ್ನು ನಿಲ್ಲಿಸುತ್ತಿತ್ತು. ಹುಳುವಿನ ವೈಚಿತ್ರ್ಯವೆಂದು ಹೆಚ್ಚಿನವರು ಸುಮ್ಮನಾದರು. 2000ದಲ್ಲಿ ರುವ್‌ಕುನ್‌ರ ತಂಡ ‘ಲೆಟ್-7’ ಎಂಬ ಇನ್ನೊಂದು ತುಣುಕನ್ನು ಕಂಡು, ಅದು ಮನುಷ್ಯನಲ್ಲೂ ಉಂಟೆಂದು ತೋರಿಸಿದಾಗ ಎಲ್ಲರ ಕಣ್ಣು ಇತ್ತ ತಿರುಗಿತು. ಮೈಕ್ರೋ ಆರ್‌ಎನ್‌ಎ ಎಂಬ ಹೆಸರು ಬಂದದ್ದು 2001ರಲ್ಲಿ.

ಮರುವರ್ಷವೇ ಕಾರ್ಲೋ ಕ್ರೋಚೆಯವರ ತಂಡ, ಒಂದು ಬಗೆಯ ರಕ್ತದ ಕ್ಯಾನ್ಸರಿನ ಅನೇಕ ರೋಗಿಗಳಲ್ಲಿ ಇಂಥ ಎರಡು ತುಣುಕುಗಳು ಕಳೆದುಹೋಗಿರುವುದನ್ನು ಕಂಡಿತು. ‘ರಾಸ್’ ಎಂಬುದು ‘ಬೆಳೆ’ ಸಂದೇಶವನ್ನು ದಾಟಿಸುವ ಮುಖ್ಯ ಪ್ರೋಟೀನು. ಅದರ ಓಲೆಯನ್ನು ಲೆಟ್-7 ತಡೆಯುತ್ತದೆಂದು 2005ರಲ್ಲಿ ತಿಳಿಯಿತು. ಶ್ವಾಸಕೋಶದ ಗಡ್ಡೆಗಳಲ್ಲಿ ಲೆಟ್-7 ಕುಗ್ಗಿ, ರಾಸ್ ಹೆಚ್ಚಿತ್ತು. ‘ಮಿರ್-21’ರ ಕಥೆ ಇದಕ್ಕೆ ವಿರುದ್ಧವಾದದ್ದು. ಅದು ‘ಪಿಟೆನ್’ ಎಂಬ ಕಾವಲು ಪ್ರೋಟೀನಿನ ಓಲೆಯನ್ನೇ ತಡೆಯುತ್ತದೆ. ಬಾಯಿಯ ಅರ್ಬುದವೂ ಸೇರಿ ಹಲವು ಅರ್ಬುದಗಳಲ್ಲಿ ಅದು ಮಿತಿಮೀರಿರುವುದುಂಟು. ಕಡಿವಾಣ ಕಳೆದುಹೋದರೆ ಒಂದು ಕೇಡು. ಕಡಿವಾಣವನ್ನು ಕಡಿಯುವುದು ಹೆಚ್ಚಿದರೆ ಇನ್ನೊಂದು.

ಆಂಬ್ರೋಸ್ ಮತ್ತು ರುವ್‌ಕುನ್ ಇಬ್ಬರಿಗೂ 2024ರಲ್ಲಿ ನೊಬೆಲ್ ಪಾರಿತೋಷಕ ಸಂದಿತು. ಹಾಗೆಂದು ಔಷಧ ಕೈಗೆ ಬಂತೆಂದು ಭಾವಿಸಬಾರದು. ಇಂಥದೊಂದು ತುಣುಕನ್ನು ರೋಗಿಗಳಿಗೆ ಕೊಟ್ಟು ನೋಡಿದ ಪ್ರಯೋಗವನ್ನು ತೀವ್ರ ದುಷ್ಪರಿಣಾಮಗಳ ಕಾರಣ 2016ರಲ್ಲಿ ನಿಲ್ಲಿಸಬೇಕಾಯಿತು.

ಓಲೆಗಳ ಈ ವ್ಯವಹಾರ ನಿಮ್ಮ ಕಣ್ಣಿಗೆ ಬೀಳದು. ಬೀಳುವುದು ಬಾಯೊಳಗಿನ ಬಿಳಿ ಅಥವಾ ಕೆಂಪು ಕಲೆ, ಎರಡು ಮೂರು ವಾರವಾದರೂ ಮಾಯದ ಹುಣ್ಣು. ಮನೆಯ ಹಿರಿಯರಲ್ಲಿ ಅದು ಕಂಡರೆ ನೋವಿಲ್ಲವೆಂದು ತಳ್ಳಿಹಾಕದೆ ವೈದ್ಯರಿಗೆ ತೋರಿಸಿರಿ. ಎಲೆಅಡಿಕೆಯ ಹರಿವಾಣವನ್ನು ಅಟ್ಟಕ್ಕೇರಿಸಿದರೆ ನೆಂಟರ ಮರ್ಯಾದೆಗೆ ಕುಂದಿಲ್ಲ. ಬೆಲ್ಲ ನೀರು ಹೇಗೂ ಇದೆಯಲ್ಲ.