ಅಸ್ಮಿತೆಯ ಅಳತೆಗೋಲು

ಅಸ್ಮಿತೆ ಹೇಗೆ ರೂಪುಗೊಳ್ಳುತ್ತದೆ ಎಂಬುದನ್ನು ಮನೋವಿಜ್ಞಾನದ ಮುಖ್ಯ ಪ್ರಶ್ನೆಯಾಗಿಸಿದವರು ಎರಿಕ್ ಎರಿಕ್ಸನ್. 1902ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್‌ನಲ್ಲಿ ಹುಟ್ಟಿದ ಅವರಿಗೆ ಹೆತ್ತ ತಂದೆ ಯಾರೆಂಬುದು ಕೊನೆಯವರೆಗೂ ತಿಳಿಯಲಿಲ್ಲ. ಮಲತಂದೆಯ ಹೊಂಬರ್ಗರ್ ಎಂಬ ಹೆಸರಿನಲ್ಲಿ ಬೆಳೆದವರು ಅಮೆರಿಕದ ಪೌರತ್ವ ಪಡೆದಾಗ ಎರಿಕ್ಸನ್ ಎಂಬ ಹೆಸರನ್ನು ತಾವೇ ಇಟ್ಟುಕೊಂಡರು. ಎರಡನೆಯ ಮಹಾಯುದ್ಧದಲ್ಲಿ ನಲುಗಿದ ಸೈನಿಕರಿಗೆ ಚಿಕಿತ್ಸೆ ನೀಡುವಾಗ 'ಅಸ್ಮಿತೆಯ ಬಿಕ್ಕಟ್ಟು' ಎಂಬ ಮಾತನ್ನು ಬಳಕೆಗೆ ತಂದರು. 1950ರಲ್ಲಿ ಬಂದ 'ಚೈಲ್ಡ್‌ಹುಡ್ ಅಂಡ್ ಸೊಸೈಟಿ'ಯಲ್ಲಿ ಬದುಕನ್ನು 8 ಘಟ್ಟಗಳಾಗಿ ವಿಂಗಡಿಸಿ, ಅಸ್ಮಿತೆಯ ಹುಡುಕಾಟವನ್ನು ಹದಿಹರೆಯಕ್ಕೆ ಸೇರಿಸಿದರು.

ಎರಿಕ್ಸನ್ ಚಿಂತಕರೇ ಹೊರತು ಅಳೆಯುವವರಲ್ಲ. ಅಳೆಯುವ ಕೆಲಸ ಮಾಡಿದವರು ಮನೋವಿಜ್ಞಾನಿ ಜೇಮ್ಸ್ ಮಾರ್ಸಿಯಾ. 1966ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿದ್ದವರು 86 ಕಾಲೇಜು ಹುಡುಗರು. ಉದ್ಯೋಗ, ಧರ್ಮ, ರಾಜಕೀಯಗಳ ಬಗ್ಗೆ ಕೇಳಿ ಮಾರ್ಸಿಯಾ ನಾಲ್ಕು ಸ್ಥಿತಿಗಳನ್ನು ಗುರುತಿಸಿದರು: ಹುಡುಕಿ ಕಂಡುಕೊಂಡವರು, ಇನ್ನೂ ಹುಡುಕುತ್ತಿರುವವರು, ಹುಡುಕದೆಯೇ ಹಿರಿಯರ ಆಯ್ಕೆಯನ್ನು ಒಪ್ಪಿಕೊಂಡವರು, ಹುಡುಕಾಟವೂ ಬದ್ಧತೆಯೂ ಇಲ್ಲದವರು. 1970ರಲ್ಲಿ ಹೆಣ್ಣುಮಕ್ಕಳನ್ನು ಅಧ್ಯಯನಕ್ಕೆ ಸೇರಿಸಿಕೊಂಡಾಗ, ಮದುವೆಗೆ ಮುನ್ನಿನ ಲೈಂಗಿಕತೆಯ ಪ್ರಶ್ನೆಯೊಂದು ಹೊಸದಾಗಿ ಸೇರಿತು. ಹುಡುಗರಿಗೆ ಕೇಳದಿದ್ದ ಪ್ರಶ್ನೆಯನ್ನು ಹುಡುಗಿಯರಿಗೆ ಕೇಳಿದ್ದು ಆ ಕಾಲದ ನಂಬಿಕೆಯನ್ನೇ ತೋರಿಸುತ್ತದೆ.

ಮುಂದಿನ ದಶಕಗಳಲ್ಲಿ ಈ ಅಳತೆಗೋಲನ್ನು ಹಲವು ಮನೋವಿಜ್ಞಾನಿಗಳು ತಿದ್ದಿದರು. ಕ್ಯಾರೊಲ್ ಗಿಲಿಗನ್ 1982ರಲ್ಲಿ ಹೆಣ್ಣಿನ ಬೆಳವಣಿಗೆಯಲ್ಲಿ ಸಂಬಂಧಗಳಿಗಿರುವ ತೂಕವನ್ನು ಎತ್ತಿ ಹೇಳಿದರು. ಜೀನ್ ಫಿನ್ನಿ 1992ರಲ್ಲಿ ಜನಾಂಗೀಯ ಅಸ್ಮಿತೆಗೆ ಮಾಪನ ರೂಪಿಸಿದರು. ಡ್ಯಾನ್ ಮ್ಯಾಕಡಮ್ಸ್, ಮನುಷ್ಯ ತನ್ನ ಬಗ್ಗೆ ಕಟ್ಟಿಕೊಳ್ಳುವ ಕಥೆಯಲ್ಲೇ ಅಸ್ಮಿತೆಯನ್ನು ಕಂಡರು. ಬೆಲ್ಜಿಯಂ, ನೆದರ್‌ಲ್ಯಾಂಡ್ಸ್‌ನ ಸಂಶೋಧಕರು 2000ದ ನಂತರ, ಒಮ್ಮೆ ಆಯ್ದದ್ದನ್ನು ಯುವಜನರು ಮತ್ತೆ ಮತ್ತೆ ಒರೆಗೆ ಹಚ್ಚುತ್ತಾರೆಂದು ತೋರಿಸಿದರು.

ಆದರೂ ದೊಡ್ಡ ಕೊರತೆಯೊಂದು ಉಳಿದಿದೆ. ಇಳಕಲ್ಲಿನಲ್ಲಿ ಅಪ್ಪನ ಮಗ್ಗಕ್ಕೇ ಕೂತ ಹುಡುಗನನ್ನು ಮಾರ್ಸಿಯಾ ಅವರ ಪಟ್ಟಿ ಮೂರನೆಯ ಗುಂಪಿಗೆ ತಳ್ಳುತ್ತದೆ. ಅಂದರೆ ಹುಡುಕುವ ಹಂತವನ್ನು ದಾಟದವನೆಂದು ತೀರ್ಮಾನಿಸುತ್ತದೆ. ಹುಡುಕಲು ಸಮಯ, ಹಣ, ಎರಡನೆಯ ಅವಕಾಶ ಬೇಕು ಎಂಬುದನ್ನು ಅದು ಲೆಕ್ಕಕ್ಕೆ ಹಿಡಿಯುವುದಿಲ್ಲ. ಕಸುಬನ್ನು ಜಾತಿಯೇ ಗೊತ್ತುಮಾಡಿದ ಕಡೆ, ಒಪ್ಪಿಕೊಂಡದ್ದು ಯಾವುದು, ಹೊರಬರಲಾಗದೆ ಉಳಿದದ್ದು ಯಾವುದು ಎಂಬ ಭೇದವನ್ನೂ ಅದು ಕಾಣದು. ಅಂಥ ಕಡೆ ಇನ್ನೊಬ್ಬರು ಹೊರಿಸಿದ ಗುರುತನ್ನು ಕಿತ್ತೊಗೆಯುವುದೂ ಅಸ್ಮಿತೆಯ ಕೆಲಸವೇ.

ಎರಿಕ್ಸನ್‌ಗೆ ಭಾರತ ಅಪರಿಚಿತವಾಗಿರಲಿಲ್ಲ. ಅಹಮದಾಬಾದಿನ ಗಿರಣಿ ಮುಷ್ಕರದ ಸುತ್ತ ಗಾಂಧೀಜಿಯನ್ನು ಕುರಿತು 1969ರಲ್ಲಿ ಗ್ರಂಥ ಬರೆದರು. ಅವರ ಶಿಷ್ಯ ಸುಧೀರ್ ಕಕ್ಕರ್ 1978ರಲ್ಲಿ ಹಿಂದೂ ಬಾಲ್ಯದ ಒಳಜಗತ್ತನ್ನು ಪರಿಶೀಲಿಸಿದರು. ಮೈಸೂರಿನಲ್ಲಿ ಹುಟ್ಟಿದ ಎ. ಕೆ. ರಾಮಾನುಜನ್ 1989ರ ಪ್ರಬಂಧದಲ್ಲಿ, ಭಾರತೀಯ ಚಿಂತನೆ ಸಂದರ್ಭಕ್ಕೆ ತಕ್ಕಂತೆ ನಡೆದುಕೊಳ್ಳುವಂಥದು ಎಂದರು. ತವರಿನಲ್ಲೊಂದು, ಅತ್ತೆಮನೆಯಲ್ಲೊಂದು, ಕಚೇರಿಯಲ್ಲೊಂದು ಗುರುತನ್ನು ಹೊತ್ತ ಹೆಣ್ಣಿನ ಅಸ್ಮಿತೆ ಚದುರಿದ್ದೋ ಕೂಡಿದ್ದೋ ಎಂಬುದನ್ನು ಪರೀಕ್ಷಿಸಲು ಈ ಸುಳಿವು ನೆರವಾಗಬಹುದು.

2010ರಲ್ಲಿ ಜೋಸೆಫ್ ಹೆನ್ರಿಕ್ ಮತ್ತು ಸಂಗಡಿಗರು, ಪ್ರಮುಖ ಮನೋವಿಜ್ಞಾನ ಪತ್ರಿಕೆಗಳ ಅಧ್ಯಯನಗಳಲ್ಲಿದ್ದ ಜನರಲ್ಲಿ ಶೇ. 96ರಷ್ಟು ಮಂದಿ ಪಾಶ್ಚಾತ್ಯ ಕೈಗಾರಿಕಾ ದೇಶಗಳವರೆಂಬುದನ್ನು ಗಮನಕ್ಕೆ ತಂದರು. ಆಗ ಆ ದೇಶಗಳಲ್ಲಿದ್ದದ್ದು ಜಗತ್ತಿನ ಶೇ. 12ರಷ್ಟು ಜನ. ಮುಂದಿನ ಅಧ್ಯಯನಗಳು ಕಾಲೇಜಿನ ಹೊರಗಿನ ಯುವಜನರನ್ನು ಅವರ ಭಾಷೆಯಲ್ಲೇ ಮಾತಾಡಿಸಿ, ವರ್ಷಗಟ್ಟಲೆ ಹಿಂಬಾಲಿಸಬೇಕು. ಹಳೆಯ ಪ್ರಶ್ನಾವಳಿಯ ಅನುವಾದ ಇದಕ್ಕೆ ಸಾಲದು.